ದೋಣಿಗೆ ಲಂಗರು: ಯಾವುದು? ಎಷ್ಟು ಹಗ್ಗ? ಹೇಗೆ ಕಟ್ಟೋದು?



ಸೈಕಲ್ಲಿಗೆ ಬ್ರೇಕ್ ಉಂಟು, ಬಸ್ಸಿಗೂ ಉಂಟು. ದೋಣಿಗೆ? ದೋಣಿಗೆ ಇರೋದು ಲಂಗರು ಮಾತ್ರ. ಕಡಲಲ್ಲಿ ಇಂಜಿನ್ ನಿಂತುಹೋಯಿತು ಅಂತ ಇಟ್ಟುಕೊಳ್ಳಿ. ಪಡುಗಾಳಿ ಬೀಸುತ್ತಿದ್ದರೆ ದೋಣಿ ದಡದ ಬಂಡೆ ಕಡೆಗೆ ಹೋಗುತ್ತದೆ. ಮೂಡುಗಾಳಿಯಾದರೆ ದಡದಿಂದ ದೂರ ಹೋಗುತ್ತದೆ. ಆಗ ಜೀವ ಉಳಿಸುವುದು ಒಳ್ಳೆಯ ಲಂಗರು ಮತ್ತು ಸಾಕಷ್ಟು ಉದ್ದದ ಹಗ್ಗ. ಆದ್ದರಿಂದ ಈ ಪಾಠ.

1. ಲಂಗರು ಹಿಡಿಯುವುದು ಹೇಗೆ?

ಭಾರದಿಂದ ಅಂತ ಬಹಳ ಜನ ಹೇಳ್ತಾರೆ. ಅದು ಅರ್ಧ ಮಾತ್ರ ನಿಜ. ಲಂಗರಿನ ಕೊಕ್ಕೆ ನೆಲಕ್ಕೆ ಚುಚ್ಚಿಕೊಳ್ಳಬೇಕು. ಅದಕ್ಕೆ ಹಗ್ಗ ಅಡ್ಡಡ್ಡ ಎಳೆಯಬೇಕು, ಮೇಲಕ್ಕೆ ಅಲ್ಲ.

ಇದನ್ನು ಹೊಯ್ಗೆಯಲ್ಲಿ ಮಾಡಿ ನೋಡಬಹುದು. ಪಿಕಾಸಿಯ ಒಂದು ಮೊನೆಯನ್ನು ಹೊಯ್ಗೆಗೆ ಊರಿ, ಹಿಡಿಯನ್ನು ನೆಲಕ್ಕೆ ಮಲಗಿಸಿ. ಹಿಡಿಯ ತುದಿಗೆ ಹಗ್ಗ ಕಟ್ಟಿ ನೆಲದ ಮಟ್ಟದಲ್ಲೇ ಎಳೆಯಿರಿ. ಮೊನೆ ಇನ್ನೂ ಒಳಗೆ ಹೋಗುತ್ತದೆ. ಈಗ ಹಗ್ಗವನ್ನು ಎತ್ತಿ ಮೇಲಕ್ಕೆ ಎಳೆಯಿರಿ. ಸುಲಭವಾಗಿ ಕಿತ್ತು ಬರುತ್ತದೆ. ಲಂಗರಿನ ಗುಟ್ಟು ಇಷ್ಟೇ.

2. ಕಲ್ಲು ಸಾಕಾಗುವುದಿಲ್ಲವೇ?

ಸಣ್ಣ ದೋಣಿಗಳಲ್ಲಿ ಕಲ್ಲು ಕಟ್ಟಿ ಬಿಡುವುದುಂಟು. ಆರ್ಕಿಮಿಡೀಸ್ ತತ್ವ ನೆನಪು ಮಾಡಿಕೊಳ್ಳಿ. ಕರಿಕಲ್ಲು ನೀರಿಗಿಂತ ಸುಮಾರು 2.7 ಪಟ್ಟು ಸಾಂದ್ರ. ಕಬ್ಬಿಣ 7.8 ಪಟ್ಟು. ಆದ್ದರಿಂದ 20 ಕೆ.ಜಿ. ಕಲ್ಲು ನೀರೊಳಗೆ ಸುಮಾರು 12.5 ಕೆ.ಜಿ. ಮಾತ್ರ ತೂಗುತ್ತದೆ. 20 ಕೆ.ಜಿ. ಕಬ್ಬಿಣ ಸುಮಾರು 17.5 ಕೆ.ಜಿ. ತೂಗುತ್ತದೆ. ಮೇಲಾಗಿ ಕಲ್ಲಿಗೆ ಕೊಕ್ಕೆ ಇಲ್ಲ, ಜಾರುತ್ತದೆ. ಗಾಳಿಯಿಲ್ಲದ ಹೊಳೆಯಲ್ಲಿ ಗಾಳ ಹಾಕಿ ಕೂರಲು ಕಲ್ಲು ಸಾಕು. ಕಡಲಿಗೆ ಸಾಲದು.

3. ಯಾವ ನೆಲಕ್ಕೆ ಯಾವ ಲಂಗರು?

ಅ) ಕಲ್ಲು ನೆಲ: ನಾಲ್ಕು ಕೊಕ್ಕೆಯ ಲಂಗರು. ಬಂಡೆಯ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಮಲ್ಪೆಯ ಸೇಂಟ್ ಮೇರೀಸ್, ಮುರುಡೇಶ್ವರದ ಎದುರಿನ ನೇತ್ರಾಣಿ ಮುಂತಾದ ದ್ವೀಪಗಳ ಸುತ್ತ ಇಂಥ ನೆಲ ಉಂಟು. ಹೊಯ್ಗೆಯಲ್ಲಿ ಇದು ಅಷ್ಟು ಹಿಡಿಯುವುದಿಲ್ಲ.

ಆ) ಹೊಯ್ಗೆ ಮತ್ತು ಕೆಸರು: ಎರಡು ಚಪ್ಪಟೆ ರೆಕ್ಕೆಯ ಲಂಗರು. ಇದಕ್ಕೆ ಡ್ಯಾನ್‌ಫೋರ್ತ್ ಎಂದು ಹೆಸರು. ತೂಕ ಕಡಿಮೆ, ಹಿಡಿತ ಹೆಚ್ಚು. ಮಡಚಿ ಇಡಬಹುದು.

ಇ) ನೇಗಿಲು ಲಂಗರು: ಇಂಗ್ಲೆಂಡಿನ ವಿಜ್ಞಾನಿ ಜೆಫ್ರಿ ಇಂಗ್ರಾಮ್ ಟೇಲರ್ 1933ರಲ್ಲಿ ರೂಪಿಸಿದ್ದು. ಗದ್ದೆ ಉಳುವ ನೇಗಿಲಿನ ಹಾಗೇ ನೆಲಕ್ಕೆ ಇಳಿಯುತ್ತದೆ.

4. ಹಗ್ಗ ಎಷ್ಟು ಬೇಕು?

ಇಲ್ಲೇ ಹೆಚ್ಚಿನವರು ತಪ್ಪುವುದು. ನಿಯಮ ಹೀಗಿದೆ: ಆಳಕ್ಕೆ ದೋಣಿ ಮೂತಿಯ ಎತ್ತರವನ್ನೂ ಭರತದ ಏರಿಕೆಯನ್ನೂ ಕೂಡಿಸಿ, ಐದರಿಂದ ಗುಣಿಸಿ. ಗಾಳಿ ಜೋರಿದ್ದರೆ ಏಳರಿಂದ ಗುಣಿಸಿ.

ಲೆಕ್ಕ: ಇಳಿತದಲ್ಲಿ ನೀರಿನ ಆಳ 4 ಮೀಟರ್. ಹುಣ್ಣಿಮೆ ಭರತಕ್ಕೆ 2 ಮೀಟರ್ ಸೇರಿಸಿ. ಮೂತಿ ನೀರಿನಿಂದ 1 ಮೀಟರ್ ಮೇಲೆ. ಒಟ್ಟು 7. ಹಗ್ಗ 7 × 5 = 35 ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು 20 ಮಾರು. ಗಾಳಿ ಇದ್ದರೆ 49 ಮೀಟರ್.

ಐದು ಪಟ್ಟು ಹಗ್ಗ ಬಿಟ್ಟರೆ ಬಿಗಿಯಾದ ಹಗ್ಗಕ್ಕೂ ನೆಲಕ್ಕೂ ನಡುವಿನ ಕೋನ ಸುಮಾರು 11.5 ಡಿಗ್ರಿ. ಎರಡೇ ಪಟ್ಟು ಬಿಟ್ಟರೆ 30 ಡಿಗ್ರಿ! ಪಿಕಾಸಿ ಕಿತ್ತು ಬಂದದ್ದು ನೆನಪಿದೆಯಲ್ಲ?

5. ಕಟ್ಟುವ ಕ್ರಮ

ಲಂಗರಿಗೆ ಮೊದಲು ಎರಡು-ಮೂರು ಮೀಟರ್ ಸರಪಳಿ ಹಾಕಬೇಕು. ಸರಪಳಿಯ ಭಾರಕ್ಕೆ ಎಳೆತ ನೆಲದ ಮಟ್ಟಕ್ಕೆ ಇಳಿಯುತ್ತದೆ. ಕಲ್ಲಿಗೆ ಉಜ್ಜಿದರೂ ಅದು ಹರಿಯುವುದಿಲ್ಲ. ಶಾಕಲ್ಲಿನ ತಿರುಪು ಬಿಚ್ಚದ ಹಾಗೆ ತಂತಿ ಸುತ್ತಬೇಕು.

ಸರಪಳಿಗೆ ನೈಲಾನ್ ಹಗ್ಗ ಕಟ್ಟಿ. ನೈಲಾನ್ ನೀರಲ್ಲಿ ಮುಳುಗುತ್ತದೆ, ಜಗ್ಗಿದರೆ ಹಿಗ್ಗುತ್ತದೆ. ಅದರಿಂದ ತೆರೆಯ ಪೆಟ್ಟು ಕಡಿಮೆಯಾಗುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ಅಗ್ಗ, ಆದರೆ ತೇಲುತ್ತದೆ. ತೇಲುವ ಹಗ್ಗ ಇಂಜಿನ್ನಿನ ಫ್ಯಾನಿಗೆ ಸುತ್ತಿಕೊಳ್ಳಬಹುದು.

ಕಲ್ಲಿಗೆ ಸಿಕ್ಕಿಬಿದ್ದ ಲಂಗರು ಬಿಡಿಸಲು ಒಂದು ಉಪಾಯ ಉಂಟು. ಸರಪಳಿಯನ್ನು ಲಂಗರಿನ ಬುಡಕ್ಕೆ ಗಟ್ಟಿಯಾಗಿ ಕಟ್ಟಿ. ಅದನ್ನೇ ದಂಡಿನ ಉದ್ದಕ್ಕೆ ತಂದು ಮೇಲಿನ ಬಳೆಗೆ ತೆಳು ದಾರದಿಂದ ಕಟ್ಟಿ. ಸಿಕ್ಕಿಕೊಂಡಾಗ ಜೋರಾಗಿ ಎಳೆದರೆ ದಾರ ಹರಿಯುತ್ತದೆ, ಲಂಗರು ಬುಡದ ಕಡೆಯಿಂದ ಹಿಮ್ಮುಖವಾಗಿ ಬಿಡಿಸಿಕೊಂಡು ಬರುತ್ತದೆ. ಆದರೆ ಗಾಳಿ ಮಳೆಯಲ್ಲಿ, ರಾತ್ರಿ ನಿಲ್ಲಿಸುವಾಗ ಈ ಉಪಾಯ ಬೇಡ. ಬೇಡದ ಹೊತ್ತಿಗೆ ದಾರ ಹರಿದೀತು.

6. ಬಿಡುವಾಗ ಎಚ್ಚರ

ಹಗ್ಗದ ಒಳತುದಿ ದೋಣಿಗೆ ಕಟ್ಟಿದೆಯೇ ಅಂತ ಮೊದಲು ನೋಡಬೇಕು. ಹಗ್ಗದ ಸುರುಳಿಯೊಳಗೆ ಕಾಲು ಇಡಲೇಬಾರದು. ಲಂಗರನ್ನು ಎಸೆಯದೆ ನಿಧಾನ ಇಳಿಸಿ, ದೋಣಿ ಹಿಂದೆ ಸರಿದ ಹಾಗೆ ಹಗ್ಗ ಬಿಡುತ್ತಾ ಹೋಗಬೇಕು. ಹಗ್ಗವನ್ನು ದೋಣಿಯ ಮೂತಿಗೇ ಕಟ್ಟಬೇಕು. ಹಿಂಬದಿಗೆ ಕಟ್ಟಿದರೆ ತೆರೆ ಒಳಗೆ ನುಗ್ಗಿ ದೋಣಿ ಮುಳುಗಬಹುದು.

ಕಟ್ಟಿದ ಮೇಲೆ ಹಗ್ಗದ ಮೇಲೆ ಕೈಯಿಡಿ. ತಟತಟ ಅಂತ ನಡುಗಿದರೆ ಲಂಗರು ಜಾರುತ್ತಿದೆ ಎಂದರ್ಥ. ದಡದಲ್ಲಿ ಒಂದರ ಹಿಂದೆ ಒಂದು ಕಾಣುವ ಎರಡು ಗುರುತು, ಉದಾಹರಣೆಗೆ ತೆಂಗಿನಮರ ಮತ್ತು ಅದರ ಹಿಂದಿನ ಗುಡ್ಡದ ತುದಿ, ನೋಡಿಟ್ಟುಕೊಳ್ಳಿ. ದೋಣಿ ಸ್ವಲ್ಪ ಆಚೀಚೆ ತೂಗಾಡುವುದು ಸಹಜ. ಆದರೆ ಗುರುತುಗಳು ಬೇರೆಯಾಗಿ, ಮತ್ತೆ ಕೂಡದಿದ್ದರೆ ದೋಣಿ ಸರಿದಿದೆ. ಕೂಡಲೇ ಇನ್ನಷ್ಟು ಹಗ್ಗ ಬಿಡಿ.

ಮನೆಗೆಲಸ: ನಿಮ್ಮ ಮನೆಯ ಅಥವಾ ನೆರೆಮನೆಯ ದೋಣಿಯ ಲಂಗರಿನ ಹಗ್ಗ ಎಷ್ಟು ಮಾರು ಉಂಟು, ಕೇಳಿ ಬರೆದುಕೊಳ್ಳಿ. ಅದನ್ನು ಐದರಿಂದ ಭಾಗಿಸಿ, ಮೂತಿಯ ಎತ್ತರವನ್ನೂ ಭರತದ ಏರಿಕೆಯನ್ನೂ ಕಳೆಯಿರಿ. ಇಳಿತದ ಹೊತ್ತಿನಲ್ಲಿ ಎಷ್ಟು ಆಳದವರೆಗೆ ಆ ಹಗ್ಗವನ್ನು ನಂಬಬಹುದು ಅಂತ ಗೊತ್ತಾಗುತ್ತದೆ. ಸಾಲದಿದ್ದರೆ ಮನೆಯಲ್ಲಿ ಹೇಳಲು ನಾಚಿಕೆ ಬೇಡ. ಹತ್ತು ಮಾರು ಹಗ್ಗ ಹೊಸದಾಗಿ ತರಬಹುದು, ಹೋದ ದೋಣಿಯನ್ನೂ ಜೀವವನ್ನೂ ತರಲಾಗದು.