ದ್ರಾಕ್ಷಿ ತೋಟ ನೋಡಲು ಎರಡು ದಿನದ ಪ್ರವಾಸ

ದ್ರಾಕ್ಷಿ ಹಚ್ಚುವ ಯೋಚನೆಯುಳ್ಳ ಮುದ್ದೇಬಿಹಾಳದ ರೈತರು ಶನಿವಾರ ನಸುಕಿನಲ್ಲಿ ಹೊರಟು, ವಿಜಯಪುರದಾಚೆಯ ತಿಕೋಟಾ ಭಾಗದ ತೋಟಗಳನ್ನು ನೋಡಿ, ರಾತ್ರಿ ವಿಜಯಪುರದಲ್ಲಿ ವಸ್ತಿ ಮಾಡಿ ರವಿವಾರ ಮರಳಬಹುದು. ಫೆಬ್ರವರಿ–ಮಾರ್ಚ್ ತಕ್ಕ ಕಾಲ. ಕೊಯ್ಲು ನಡೆದಿರುತ್ತದೆ, ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ ನೆರಳಿನ ಬಲೆಗಳ ಮೇಲೆ ಒಣಗಿಸುವುದೂ ಕಾಣಸಿಗುತ್ತದೆ. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ ಎಂಬುದನ್ನು ನೆನಪಿಟ್ಟು ಲೆಕ್ಕ ಕೇಳಬೇಕು. ವೈನಿನ ಮಾತು ಬಂದರೆ ಮೊದಲು ತಳಿ ಯಾವುದೆಂದು ವಿಚಾರಿಸಬೇಕು. ಥಾಂಪ್ಸನ್ ಸೀಡ್‌ಲೆಸ್ ಮುಖ್ಯವಾಗಿ ತಿನ್ನಲು, ಒಣಗಿಸಲು ಬೆಳೆವ ತಳಿ.

ಜೋತುಬಿದ್ದ ಗೊಂಚಲು ನೋಡಿ ಬಂದವರು ಕೂಡಲೇ ಸಾಲ ಮಾಡಿ ಕಂಬ ನೆಡುವುದು ಸಲ್ಲದು. ಅಕ್ಟೋಬರ್ ಚಾಟ್ನಿಯ ನಂತರ ಬರುವ ಫಲದ ಮೊಗ್ಗು ಕಡ್ಡಿಯೊಳಗೆ ರೂಪುಗೊಳ್ಳುವುದು ಏಪ್ರಿಲ್ ಚಾಟ್ನಿಯ ಬಳಿಕ, ಕಡುಬೇಸಿಗೆಯಲ್ಲಿ. ಆಗ ನೀರು ತಪ್ಪಿದರೆ ಕಡ್ಡಿ ಬೆಳೆಯದು, ಗೊಂಚಲು ಕಡಿಮೆಯಾಗುತ್ತವೆ. ಆದ್ದರಿಂದ ಮೇ ತಿಂಗಳಲ್ಲಿ ಅದೇ ತೋಟಕ್ಕೆ ಇನ್ನೊಮ್ಮೆ ಹೋಗಿ, ಬಾವಿಯೊಳಗೆ ಬಗ್ಗಿ ನೋಡಿ, ಟ್ಯಾಂಕರ್ ನೀರಿಗೆ ಎಷ್ಟು ಖರ್ಚಾಯಿತೆಂದು ಕೇಳಬೇಕು.