ಅರುವತ್ತು ಎಲೆಗಳ ಕಟ್ಟು: ಸಂಗ್ರಹ, ಆಯ್ಕೆ ಮತ್ತು ಔಚಿತ್ಯ

ಸಂಗ್ರಹಿಸುವುದು ಸುಲಭ, ಸಂಗ್ರಹಿಸಿದುದರಲ್ಲಿ ಆರಿಸುವುದು ಕಷ್ಟ, ಆರಿಸಿದುದನ್ನು ಒಂದು ಗೊತ್ತಾದ ಉದ್ದೇಶಕ್ಕೆ ಹೊಂದಿಸುವುದು ಇನ್ನೂ ಕಷ್ಟ. ನಿಘಂಟಿನಲ್ಲಿ ಸಹಸ್ರಾರು ಪದಗಳಿದ್ದರೂ ಅದು ಕಾವ್ಯವೆನಿಸದು. ಉಗ್ರಾಣದಲ್ಲಿ ದವಸಧಾನ್ಯಗಳು ತುಂಬಿ ತುಳುಕುತ್ತಿದ್ದರೂ ಅಷ್ಟರಿಂದಲೇ ಪಂಕ್ತಿಗೆ ಎಲೆ ಹಾಕಲು ಬಾರದು. ಈ ಮಾತಿನ ಸತ್ಯವನ್ನು ಗ್ರಂಥಗಳಿಂದ ಮಾತ್ರವಲ್ಲದೆ ಬಾಲಕರ ಆಟಗಳಿಂದಲೂ ಅರಿಯಬಹುದು. ಇಂದಿನ ವಿದ್ಯಾರ್ಥಿಗಳಲ್ಲಿ ಹಲವರು ಚಿತ್ರವಿಚಿತ್ರವಾದ ಆಟದ ಎಲೆಗಳನ್ನು ಪೊಟ್ಟಣಗಳಲ್ಲಿ ಕೊಂಡು ಕೂಡಿಸುತ್ತಾರೆ. ಅವುಗಳಿಂದ ಒಂದು ವಸ್ತುವನ್ನು ಕುರಿತ ಕಟ್ಟನ್ನು ರಚಿಸುವ ಬಗೆಯನ್ನೂ, ಆ ರಚನೆಯಿಂದ ಕಲಿಯತಕ್ಕ ಪಾಠವನ್ನೂ ಇಲ್ಲಿ ವಿವೇಚಿಸಲಾಗಿದೆ.

೧. ಆಟದ ಹುಟ್ಟು

ಇಸ್ಪೀಟಿನ ಕಟ್ಟಿನಲ್ಲಿ ೫೨ ಎಲೆಗಳು. ಅವು ಎಲ್ಲರಿಗೂ ಒಂದೇ. ಆಟಗಾರನು ಕಟ್ಟನ್ನು ರಚಿಸುವುದಿಲ್ಲ, ರಚಿತವಾದುದನ್ನು ಆಡುತ್ತಾನೆ. ಈ ಕ್ರಮವನ್ನು ಬದಲಿಸಿದವನು ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್. ೧೯೯೧ರಲ್ಲಿ ಪೀಟರ್ ಆಡ್ಕಿಸನ್ ಎಂಬ ಪ್ರಕಾಶಕನು, ಎಲ್ಲಿಗೆ ಬೇಕಾದರೂ ಒಯ್ಯಬಹುದಾದ, ಅಲ್ಪಕಾಲದಲ್ಲಿ ಮುಗಿಯುವ ಆಟವೊಂದನ್ನು ಆತನಿಂದ ಅಪೇಕ್ಷಿಸಿದನು. ಅದರ ಫಲವಾಗಿ ೧೯೯೩ರ ಆಗಸ್ಟಿನಲ್ಲಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟವನ್ನು ‘ವಿಝರ್ಡ್ಸ್ ಆಫ್ ದ ಕೋಸ್ಟ್’ ಸಂಸ್ಥೆಯು ಹೊರತಂದಿತು. ಮೊದಲ ಮುದ್ರಣದಲ್ಲಿ ೨೯೫ ಬಗೆಯ ಎಲೆಗಳಿದ್ದುವು. ಇಂದು ಅವು ಹತ್ತಾರು ಸಾವಿರವಾಗಿವೆ. ಅಷ್ಟರಲ್ಲಿ ತನಗೆ ಬೇಕಾದುವನ್ನು ಆರಿಸಿ ತನ್ನ ಕಟ್ಟನ್ನು ತಾನೇ ಕಟ್ಟಿಕೊಂಡು ಬರಬೇಕಾದುದು ಪ್ರತಿಯೊಬ್ಬ ಆಟಗಾರನ ಹೊಣೆ. ಆಟದ ಅರ್ಧಭಾಗವು ಆಡುವುದಕ್ಕೆ ಮೊದಲೇ ನಡೆದಿರುತ್ತದೆ.

ನಿಯಮಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ, ಕಟ್ಟಿನಲ್ಲಿ ಕನಿಷ್ಠ ೬೦ ಎಲೆಗಳಿರಬೇಕು. ಒಂದೇ ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಸಾಮಾನ್ಯ ಭೂಮಿಯ ಎಲೆಗಳಿಗೆ ಮಾತ್ರ ಈ ಮಿತಿಯಿಲ್ಲ. ಪ್ರತಿಯೊಬ್ಬನೂ ೨೦ ಅಂಕಗಳ ಆಯುಸ್ಸಿನಿಂದಲೂ ೭ ಎಲೆಗಳಿಂದಲೂ ಆಟವನ್ನು ಆರಂಭಿಸುತ್ತಾನೆ. ತನ್ನ ಸರದಿಗೆ ಒಂದು ಎಲೆಯನ್ನು ಎತ್ತಿಕೊಂಡು, ಒಂದು ಭೂಮಿಯನ್ನು ಹಾಸಬಹುದು. ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು ಎಂಬ ಐದು ಭೂಮಿಗಳು ಕ್ರಮವಾಗಿ ಬಿಳಿ, ನೀಲಿ, ಕಪ್ಪು, ಕೆಂಪು, ಹಸುರು ಎಂಬ ಐದು ವರ್ಣಗಳ ಶಕ್ತಿಯನ್ನು ಕೊಡುತ್ತವೆ. ಈ ಶಕ್ತಿಗೆ ‘ಮಾನಾ’ ಎಂದು ಹೆಸರು. ಜೀವಿಗಳನ್ನು ಕರೆಯಲೂ ಮಂತ್ರಗಳನ್ನು ಪ್ರಯೋಗಿಸಲೂ ಈ ಶಕ್ತಿಯನ್ನು ವ್ಯಯಮಾಡಬೇಕು. ಎದುರಾಳಿಯ ಆಯುಸ್ಸನ್ನು ಶೂನ್ಯಕ್ಕೆ ಇಳಿಸಿದವನು ಸಾಮಾನ್ಯವಾಗಿ ಗೆಲ್ಲುತ್ತಾನೆ.

ನಾಲ್ಕರ ಮಿತಿ ಆಟದೊಡನೆ ಹುಟ್ಟಿದುದಲ್ಲ. ಆರಂಭದಲ್ಲಿ ೪೦ ಎಲೆಗಳ ಕಟ್ಟು ಸಾಕಾಗಿತ್ತು, ಒಂದೇ ಎಲೆಯನ್ನು ಎಷ್ಟು ಬೇಕಾದರೂ ಸೇರಿಸಬಹುದಾಗಿತ್ತು. ಹಣವುಳ್ಳವನು ಬಲವಾದ ಒಂದೆರಡು ಎಲೆಗಳನ್ನೇ ಹತ್ತಾರು ಸಲ ಇಟ್ಟುಕೊಂಡರೆ ಆಟವೇ ಕೆಡುವುದೆಂಬುದು ಬೇಗನೆ ತಿಳಿಯಿತು. ೧೯೯೪ರಲ್ಲಿ ಪಂದ್ಯಗಳಿಗಾಗಿ ೬೦ ಎಲೆ, ನಾಲ್ಕು ಪ್ರತಿ ಎಂಬ ಕಟ್ಟಳೆ ಬಂದಿತು. ಛಂದಸ್ಸಿನ ಕಟ್ಟು ಕವಿಗೆ ಹೇಗೋ ಹಾಗೆಯೇ ಈ ಕಟ್ಟಳೆಯು ಆಟಗಾರನ ಬುದ್ಧಿಯನ್ನು ಹರಿತಗೊಳಿಸಿತು.

೨. ವಸ್ತುವಿನ ಆಯ್ಕೆ

ಕಟ್ಟಿಗೆ ಒಂದು ವಸ್ತು ಬೇಕು. ಕಾವ್ಯದಲ್ಲಿ ಅಂಗಿಯಾದ ರಸವೊಂದಿದ್ದು ಉಳಿದುವು ಅದಕ್ಕೆ ಅಂಗಗಳಾಗಿರುವಂತೆ, ಕಟ್ಟಿನಲ್ಲಿಯೂ ಒಂದು ಪ್ರಧಾನ ಭಾವವಿದ್ದು ಉಳಿದ ಎಲೆಗಳೆಲ್ಲ ಅದನ್ನು ಪೋಷಿಸಬೇಕು. ಇಲ್ಲಿ ಉದಾಹರಣೆಗಾಗಿ ‘ಎಲ್ಫ್’ಗಳ ಕಟ್ಟನ್ನು ತೆಗೆದುಕೊಳ್ಳಬಹುದು. ಎಲ್ಫ್ ಎಂಬುದು ಉತ್ತರ ಯೂರೋಪಿನ ಜನಪದ ಕಥೆಗಳಲ್ಲಿ ಬರುವ ಒಂದು ಅತಿಮಾನುಷ ಕುಲ; ಈ ಆಟದಲ್ಲಿ ಅವರು ಮುಖ್ಯವಾಗಿ ಹಸುರು ವರ್ಣಕ್ಕೆ ಸೇರಿದ ವನವಾಸಿಗಳು. ಒಬ್ಬೊಬ್ಬನೂ ದುರ್ಬಲ, ಆದರೆ ಗುಂಪು ಬೆಳೆದಂತೆ ಪ್ರತಿಯೊಬ್ಬನ ಬಲವೂ ಬೆಳೆಯುತ್ತದೆ.

ವಸ್ತುವೆಂದರೆ ಚಿತ್ರದ ಹೋಲಿಕೆಯೆಂದು ತಿಳಿಯುವುದು ಆರಂಭದ ತಪ್ಪು. ಕಿವಿ ಚೂಪಾಗಿರುವ ಅರುವತ್ತು ಚಿತ್ರಗಳನ್ನು ಒಟ್ಟಿಗೆ ಇಟ್ಟರೆ ಅದು ಚಿತ್ರಸಂಪುಟವಾದೀತು. ಎಲೆಗಳ ಕೆಲಸಗಳು ಒಂದಕ್ಕೊಂದು ಹೊಂದಿದಾಗಲೇ ವಸ್ತು ಮೈದಾಳುತ್ತದೆ. ‘ಪ್ರೀಸ್ಟ್ ಆಫ್ ಟೈಟಾನಿಯಾ’ ಎಂಬ ಎಲೆಯನ್ನು ನೋಡಬೇಕು. ಬೆಲೆ ಎರಡು ಮಾನಾ. ಕಣದಲ್ಲಿರುವ ಎಲ್ಫ್‌ಗಳ ಸಂಖ್ಯೆ ಎಷ್ಟೋ ಅಷ್ಟು ಶಕ್ತಿಯನ್ನು ಅದು ಕೊಡುತ್ತದೆ. ಒಂಟಿಯಾಗಿದ್ದರೆ ಅದರಿಂದ ದೊರೆಯುವುದು ಒಂದೇ. ಆರು ಬಂಧುಗಳ ನಡುವೆ ನಿಂತರೆ ಏಳು. ‘ಟಿಂಬರ್‌ವಾಚ್ ಎಲ್ಫ್’ ಅದೇ ಲೆಕ್ಕದಲ್ಲಿ ಒಂದು ಜೀವಿಯ ಬಲವನ್ನು ಹೆಚ್ಚಿಸುತ್ತದೆ. ‘ವೆಲ್‌ವಿಷರ್’ ಅದೇ ಲೆಕ್ಕದಲ್ಲಿ ಆಯುಸ್ಸನ್ನು ಕೊಡುತ್ತದೆ. ಈ ಮೂರೂ ಎಲೆಗಳು ಒಂದೇ ಪ್ರಶ್ನೆಯನ್ನು ಕೇಳುತ್ತವೆ: ‘ನಿನ್ನವರು ಎಷ್ಟು ಮಂದಿ?’ ಕಟ್ಟಿನ ವಸ್ತು ಇರುವುದು ಈ ಪ್ರಶ್ನೆಯಲ್ಲಿ.

೩. ರಚನೆಯ ಲೆಕ್ಕ

ಹೀಗೆ ನಿಶ್ಚಯಿಸಿದ ವಸ್ತುವಿಗೆ ತಕ್ಕ ಒಂದು ಮಾದರಿ ಕಟ್ಟನ್ನು ಈ ರೀತಿ ಹೊಂದಿಸಬಹುದು. ಕಾಡಿನ ಭೂಮಿ ೧೮, ‘ಲಾನೊವರ್ ಎಲ್ವ್ಸ್’, ‘ಫಿಂಡ್‌ಹಾರ್ನ್ ಎಲ್ವ್ಸ್’, ‘ಎಲ್ವಿಷ್ ಮಿಸ್ಟಿಕ್’ ಎಂಬುವು ನಾಲ್ಕು ನಾಲ್ಕರಂತೆ ೧೨, ‘ಪ್ರೀಸ್ಟ್ ಆಫ್ ಟೈಟಾನಿಯಾ’ ೪, ‘ಕ್ವಿರಿಯನ್ ರೇಂಜರ್’ ೪, ‘ಎಲ್ವಿಷ್ ವಿಷನರಿ’ ೪, ‘ಟಿಂಬರ್‌ವಾಚ್ ಎಲ್ಫ್’ ೪, ‘ಲಿಸ್ ಅಲಾನಾ ಹಂಟ್‌ಮಾಸ್ಟರ್’ ೪, ‘ವೆಲ್‌ವಿಷರ್’ ೩, ‘ಸಿಲ್ವನ್ ರೇಂಜರ್’ ೩, ‘ಲೀಡ್ ದ ಸ್ಟ್ಯಾಂಪೀಡ್’ ಎಂಬ ಮಂತ್ರ ೪. ಒಟ್ಟು ೬೦. ಇವುಗಳಲ್ಲಿ ಜೀವಿಗಳು ೩೮; ಎಲ್ಲರೂ ಎಲ್ಫ್‌ಗಳೇ.

ಮೊದಲು ಹೆಸರಿಸಿದ ಮೂರು ಎಲೆಗಳಿಗೆ ಹೆಸರು ಬೇರೆ, ಕೆಲಸ ಒಂದೇ. ಬೆಲೆ ಒಂದು ಮಾನಾ. ಮುಂದಿನ ಸರದಿಯಿಂದ ಒಂದು ಹಸುರು ಮಾನಾವನ್ನು ಕೊಡುತ್ತವೆ. ಪರ್ಯಾಯ ಪದಗಳಂತೆ ಇವು ನಾಲ್ಕರ ಮಿತಿಯನ್ನು ಮೀರದೆ ಹನ್ನೆರಡಾಗುತ್ತವೆ. ಇದರ ಪ್ರಯೋಜನವನ್ನು ಗಣಿತದಿಂದ ತಿಳಿಯಬಹುದು. ೬೦ ಎಲೆಗಳಲ್ಲಿ ಒಂದೇ ಪ್ರತಿಯಿರುವ ಎಲೆಯು ಮೊದಲ ಏಳರಲ್ಲಿ ಬರುವ ಸಂಭವ ನೂರಕ್ಕೆ ಸುಮಾರು ೧೨. ನಾಲ್ಕು ಪ್ರತಿಗಳಿದ್ದರೆ ಅವುಗಳಲ್ಲಿ ಒಂದಾದರೂ ಬರುವ ಸಂಭವ ಸುಮಾರು ೪೦, ಎಂಟಿದ್ದರೆ ೬೫, ಹನ್ನೆರಡಿದ್ದರೆ ೮೧. ಪ್ರತಿಗಳು ಮೂರು ಪಟ್ಟಾದರೂ ಸಂಭವ ಮೂರು ಪಟ್ಟಾಗದೆ ಎರಡು ಪಟ್ಟಾಗುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಏಳು ಎಲೆಗಳಲ್ಲಿ ಒಂದೇ ಬಗೆಯವು ಎರಡು ಮೂರು ಬಂದುಬಿಡುವುದೇ ಅದಕ್ಕೆ ಕಾರಣ.

ಅದೇ ಲೆಕ್ಕವು ಮತ್ತೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ನಿಯಮವು ಕನಿಷ್ಠವನ್ನು ಹೇಳುವುದಲ್ಲದೆ ಗರಿಷ್ಠವನ್ನು ಹೇಳುವುದಿಲ್ಲ. ಆದುದರಿಂದ ಬಿಡಲಾರದೆ ಹದಿನೈದು ಎಲೆಗಳನ್ನು ಹೆಚ್ಚಾಗಿ ಸೇರಿಸಿ ೭೫ರ ಕಟ್ಟು ಮಾಡುವವರುಂಟು. ಆಗ ನಾಲ್ಕು ಪ್ರತಿಗಳ ಎಲೆಯೊಂದು ಮೊದಲ ಏಳರಲ್ಲಿ ಬರುವ ಸಂಭವ ೪೦ರಿಂದ ೩೩ಕ್ಕೆ ಇಳಿಯುತ್ತದೆ. ಸೇರಿಸಿದ ಪ್ರತಿಯೊಂದು ಮಧ್ಯಮ ಎಲೆಯೂ ಉತ್ತಮವಾದುದನ್ನು ಒಂದು ಹೆಜ್ಜೆ ದೂರ ತಳ್ಳುತ್ತದೆ.

ಭೂಮಿಯ ಸಂಖ್ಯೆಯನ್ನೂ ಹೀಗೆಯೇ ನಿರ್ಧರಿಸಬೇಕು. ಸಾಮಾನ್ಯ ಕಟ್ಟಿಗೆ ೨೪ ಭೂಮಿಗಳು ವಾಡಿಕೆ. ಆಗ ಮೊದಲ ಏಳರಲ್ಲಿ ಸರಾಸರಿ ೨.೮ ಭೂಮಿ ಬರುತ್ತದೆ. ಎಲ್ಫ್‌ಗಳೇ ಶಕ್ತಿಯನ್ನು ಕೊಡುವುದರಿಂದ ಇಲ್ಲಿ ೧೮ ಸಾಕು, ಸರಾಸರಿ ೨.೧. ಇನ್ನೂ ಕಡಿಮೆ ಮಾಡಿದರೆ ಮೊದಲ ಎಲ್ಫ್‌ನನ್ನು ಕರೆಯುವುದಕ್ಕೇ ಕಾಡಿಲ್ಲದೆ ಆಟಗಾರನು ಕೈಕಟ್ಟಿ ಕೂರಬೇಕಾಗುತ್ತದೆ. ಬಿತ್ತನೆಗೆ ನೆಲವನ್ನೇ ಇಟ್ಟುಕೊಳ್ಳದ ಒಕ್ಕಲಿಗನ ಸ್ಥಿತಿ ಅದು.

ಕಟ್ಟಿನ ನಡೆಯನ್ನು ಒಂದು ಉದಾಹರಣೆಯಿಂದ ತೋರಿಸಬಹುದು. ಮೊದಲ ಸರದಿಯಲ್ಲಿ ಒಂದು ಕಾಡು, ಒಂದು ಲಾನೊವರ್. ಎರಡನೆಯದರಲ್ಲಿ ಎರಡು ಕಾಡು ಮತ್ತು ಲಾನೊವರ್ ಸೇರಿ ಮೂರು ಮಾನಾ. ಅದರಿಂದ ಒಂದು ಪ್ರೀಸ್ಟ್, ಒಂದು ಮಿಸ್ಟಿಕ್. ಮೂರನೆಯದರಲ್ಲಿ ಮೂರು ಕಾಡಿನಿಂದ ಮೂರು, ಲಾನೊವರ್ ಒಂದು, ಮಿಸ್ಟಿಕ್ ಒಂದು, ಮೂವರು ಎಲ್ಫ್‌ಗಳಿರುವುದರಿಂದ ಪ್ರೀಸ್ಟ್ ಮೂರು: ಒಟ್ಟು ಎಂಟು. ಸಾಮಾನ್ಯ ಕಟ್ಟಿನವನ ಬಳಿ ಆ ಹೊತ್ತಿಗೆ ಮೂರೇ ಇರುತ್ತವೆ. ಇಷ್ಟು ಶಕ್ತಿಯಿದ್ದೂ ಕೈಯಲ್ಲಿ ಎಲೆಗಳಿಲ್ಲದಿದ್ದರೆ ಅದು ವ್ಯರ್ಥ. ಅದಕ್ಕಾಗಿ ‘ಲೀಡ್ ದ ಸ್ಟ್ಯಾಂಪೀಡ್’ ಬೇಕು. ಕಟ್ಟಿನ ಮೇಲಿನ ಐದು ಎಲೆಗಳನ್ನು ನೋಡಿ ಅವುಗಳಲ್ಲಿರುವ ಜೀವಿಗಳನ್ನೆಲ್ಲ ಕೈಗೆ ತೆಗೆದುಕೊಳ್ಳಲು ಅದು ಅವಕಾಶ ಕೊಡುತ್ತದೆ. ಅರುವತ್ತರಲ್ಲಿ ೩೮ ಜೀವಿಗಳಿರುವುದರಿಂದ ಐದರಲ್ಲಿ ಸರಾಸರಿ ಮೂರು ದೊರೆಯುತ್ತವೆ. ಜೀವಿಗಳು ಇಪ್ಪತ್ತೇ ಆಗಿದ್ದರೆ ಇದೇ ಮಂತ್ರ ನಿಸ್ಸಾರವಾಗುತ್ತಿತ್ತು. ಎಲೆಯ ಗುಣವು ಅದರ ನೆರೆಹೊರೆಯಿಂದ ನಿರ್ಣಯವಾಗುತ್ತದೆ. ಆಲಂಕಾರಿಕರು ಔಚಿತ್ಯವೆಂದು ಕರೆದುದು ಇದನ್ನೇ.

೪. ದೋಷವಿಚಾರ

ಯಾವ ರಚನೆಯೂ ನಿರ್ದುಷ್ಟವಲ್ಲ. ಈ ಎಲ್ಫ್‌ಗಳಲ್ಲಿ ಬಹುಪಾಲಿನವರ ತಾಳಿಕೆ ಒಂದೇ ಅಂಕ. ಕೆಂಪು ವರ್ಣದ ‘ಎಲೆಕ್ಟ್ರಿಕರಿ’ ಎಂಬ ಮಂತ್ರವನ್ನು ಮೂರು ಮಾನಾ ತೆತ್ತು ಪ್ರಯೋಗಿಸಿದರೆ ಎದುರಾಳಿಯ ಪ್ರತಿಯೊಂದು ಜೀವಿಗೂ ಒಂದು ಅಂಕದ ಪೆಟ್ಟು ಬೀಳುತ್ತದೆ. ಗುಂಪಿನಿಂದ ಬಂದ ಬಲವು ಗುಂಪಿನೊಡನೆಯೇ ಹೋಗುತ್ತದೆ. ಇದಕ್ಕೆ ಪ್ರತೀಕಾರ ಎರಡು. ಒಂದು, ರಚನೆಯಲ್ಲಿದೆ: ತಾಳಿಕೆ ಮೂರಿರುವ ಹಂಟ್‌ಮಾಸ್ಟರ್ ಆ ಪೆಟ್ಟನ್ನು ಸಹಿಸಿ ನಿಂತು, ಮುಂದೆ ಒಬ್ಬೊಬ್ಬ ಎಲ್ಫ್‌ನನ್ನು ಕರೆದಾಗಲೂ ಇನ್ನೊಬ್ಬ ಸೈನಿಕನನ್ನು ಒದಗಿಸುತ್ತಾನೆ. ಮತ್ತೊಂದು, ಆಡುವವನ ಸಂಯಮದಲ್ಲಿದೆ: ಸಾಕಷ್ಟು ಮಂದಿ ಕಣದಲ್ಲಿರುವಾಗ ಇಬ್ಬರು ಮೂವರನ್ನು ಕೈಯಲ್ಲೇ ಉಳಿಸಿಕೊಳ್ಳುವುದು. ಬೀಜದ ಧಾನ್ಯವನ್ನೂ ಅಟ್ಟು ಉಣ್ಣುವ ಮನೆಗೆ ಮುಂದಿನ ಮಳೆಗಾಲವಿಲ್ಲ.

ಇನ್ನೊಂದು ದೋಷವು ಆಸೆಯಿಂದ ಹುಟ್ಟತಕ್ಕುದು. ಸಂಗ್ರಹದಲ್ಲಿ ಎಂಟು ಮಾನಾ ಬೆಲೆಯ ಭಾರಿ ಮೃಗವೊಂದಿದೆ, ಚಿತ್ರ ಭವ್ಯ, ಅದನ್ನು ಪಡೆಯಲು ಬಾಲಕನು ಮಿತ್ರನಿಗೆ ಹತ್ತು ಎಲೆಗಳನ್ನು ಕೊಟ್ಟಿದ್ದಾನೆ. ಅದನ್ನು ಹೊರಗಿಡಲು ಮನಸ್ಸು ಒಡಂಬಡದು. ಆಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಇದು ವಸ್ತುವನ್ನು ಪೋಷಿಸುತ್ತದೆಯೆ? ಆಟದ ಮೊದಲಲ್ಲಿ ಕೈಗೆ ಬಂದರೆ ಉಪಯೋಗಕ್ಕೆ ಬರುತ್ತದೆಯೆ? ಇದಕ್ಕಾಗಿ ತೆಗೆಯಬೇಕಾದ ಎಲೆಗಿಂತ ಇದು ಮೇಲೆ? ಮೂರಕ್ಕೂ ‘ಇಲ್ಲ’ವೆಂಬ ಉತ್ತರ ಬಂದರೆ ಅದನ್ನು ಪೆಟ್ಟಿಗೆಯಲ್ಲಿಡಬೇಕು. ಅಲ್ಲಿ ಅದರ ಸೌಂದರ್ಯಕ್ಕೆ ಕುಂದಿಲ್ಲ. ತಾನೇ ಬರೆದ ಒಳ್ಳೆಯ ಪದ್ಯವನ್ನು ಪ್ರಕರಣಕ್ಕೆ ಒಗ್ಗದೆಂದು ಕೈಬಿಡುವ ಕವಿಯ ಧೈರ್ಯ ಇಲ್ಲಿ ಬೇಕಾಗುತ್ತದೆ.

೫. ಹಣ, ಪಣ ಮತ್ತು ವಿವೇಕ

ಈ ಆಟದ ಎಲೆಗಳನ್ನು ಮಾರುವ ಕ್ರಮವನ್ನು ಕುರಿತು ಪೋಷಕರೂ ವಿದ್ಯಾರ್ಥಿಗಳೂ ಯೋಚಿಸತಕ್ಕುದಿದೆ. ಪೊಟ್ಟಣ ಮುಚ್ಚಿರುತ್ತದೆ, ಒಳಗೇನಿದೆಯೆಂದು ಕೊಳ್ಳುವವನು ಅರಿಯನು. ಬಹುಕಾಲ ರೂಢಿಯಲ್ಲಿದ್ದ ೧೫ ಎಲೆಗಳ ಪೊಟ್ಟಣದಲ್ಲಿ ಸಾಮಾನ್ಯವಾಗಿ ೧೧ ಸುಲಭ ಎಲೆಗಳು, ೩ ಮಧ್ಯಮ, ೧ ವಿರಳ ಎಲೆ ಇರುತ್ತಿದ್ದುವು. ಆ ಒಂದಕ್ಕಾಗಿ ಒಂದಾದ ಮೇಲೊಂದು ಪೊಟ್ಟಣವನ್ನು ಒಡೆಯುವ ಚಪಲವು ಬಾಲಕರನ್ನು ಬೇಗನೆ ಹಿಡಿಯುತ್ತದೆ. ಆಟದ ಮೊದಲ ನಿಯಮಗಳಲ್ಲಿ ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಎಲೆಯನ್ನು ಪಣವಾಗಿಟ್ಟು, ಗೆದ್ದವನು ಎರಡನ್ನೂ ಒಯ್ಯುವ ಪದ್ಧತಿಯೂ ಇತ್ತು. ಮುಂದೆ ಅದನ್ನು ಕೈಬಿಡಲಾಯಿತು. ಧರ್ಮರಾಯನ ದ್ಯೂತವನ್ನು ಕೇಳಿ ಬೆಳೆದ ಜನಕ್ಕೆ ಅದರ ಕಾರಣವನ್ನು ವಿವರಿಸಬೇಕಾದುದಿಲ್ಲ. ಪಣ ಹೋಯಿತು, ಪೊಟ್ಟಣದ ಚಪಲ ಉಳಿದಿದೆ.

ಇದಕ್ಕೆ ಪರಿಹಾರವೂ ಆಟದೊಳಗೇ ಇದೆ. ‘ಪೌಪರ್’, ಎಂದರೆ ಬಡವ, ಎಂಬ ಹೆಸರಿನ ಒಂದು ಆಟದ ಕ್ರಮವುಂಟು. ಸುಲಭ ಎಲೆಯಾಗಿ ಒಮ್ಮೆಯಾದರೂ ಪ್ರಕಟವಾದುವನ್ನು ಮಾತ್ರ ಅದರಲ್ಲಿ ಬಳಸಬೇಕು. ಆಟಗಾರರ ನಡುವೆ ಬೆಳೆದು ಬಂದ ಈ ಕ್ರಮವನ್ನು ೨೦೧೯ರಲ್ಲಿ ಪ್ರಕಾಶಕ ಸಂಸ್ಥೆಯೇ ಅಧಿಕೃತವೆಂದು ಮಾನ್ಯಮಾಡಿತು. ಮೇಲೆ ವಿವರಿಸಿದ ಎಲ್ಫ್‌ಗಳ ಕಟ್ಟು ಈ ಬಡವರ ಕ್ರಮಕ್ಕೇ ಸೇರಿದುದು. ಅದರಲ್ಲಿ ಲಾನೊವರ್ ೧೯೯೩ರದು, ಪ್ರೀಸ್ಟ್ ೧೯೯೮ರದು, ಹಂಟ್‌ಮಾಸ್ಟರ್ ೨೦೦೭ರದು, ಮಿಸ್ಟಿಕ್ ೨೦೧೩ರದು. ಇಪ್ಪತ್ತು ವರ್ಷಗಳ ಅಂತರದಲ್ಲಿ ಬೇರೆ ಬೇರೆ ಪೊಟ್ಟಣಗಳಲ್ಲಿ ಬಂದು, ಬೆಲೆಯಿಲ್ಲವೆಂದು ಮೂಲೆ ಸೇರತಕ್ಕವುಗಳನ್ನು ವಿಚಾರವಂತನೊಬ್ಬನು ಒಂದೆಡೆ ತಂದಾಗ ಅವು ದುಬಾರಿ ಮೃಗಗಳಿಗಿಂತ ವೇಗವಾಗಿ ನಡೆಯುತ್ತವೆ. ಬೇಕಾದ ಎಲೆಯನ್ನು ಪಟ್ಟಿಮಾಡಿ ಬಿಡಿಯಾಗಿ ಕೊಳ್ಳುವುದು ಅಥವಾ ಮಿತ್ರರೊಡನೆ ವಿನಿಮಯ ಮಾಡಿಕೊಳ್ಳುವುದು, ಮುಚ್ಚಿದ ಪೊಟ್ಟಣದಲ್ಲಿ ಅದೃಷ್ಟವನ್ನು ಹುಡುಕುವುದಕ್ಕಿಂತ ಲೇಸು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಗೆ ಇಲ್ಲಿಯೂ ಎಡೆಯುಂಟು.

೬. ಉಪಸಂಹಾರ

ಕಟ್ಟು ಸಿದ್ಧವಾದ ಮೇಲೆ ಹತ್ತಾರು ಸಲ ಆಡಿ ನೋಡಬೇಕು. ಯಾವ ಎಲೆ ಕೈಗೆ ಬಂದಾಗ ಮನಸ್ಸು ಹಿಗ್ಗಿತು, ಯಾವುದು ಬಂದಾಗ ಕುಗ್ಗಿತು ಎಂಬುದನ್ನು ಗುರುತುಹಾಕಿಕೊಳ್ಳಬೇಕು. ಒಮ್ಮೆಗೆ ಎರಡು ಮೂರು ಎಲೆಗಳನ್ನು ಮಾತ್ರ ಬದಲಿಸಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದವನಿಗೆ ಗುಣದೋಷಗಳ ಮೂಲ ತಿಳಿಯದು. ಸೋತ ಆಟವು ಗೆದ್ದ ಆಟಕ್ಕಿಂತ ಹೆಚ್ಚು ಕಲಿಸುತ್ತದೆ. ಆದರೆ ಸೋಲಿಗೆ ಎಲೆಗಳ ಬರವನ್ನೇ ದೂರುವವನು ಏನನ್ನೂ ಕಲಿಯನು.

ಬಾಲ್ಯದ ಆಟಗಳು ಬಾಲ್ಯದೊಡನೆ ಮುಗಿಯುತ್ತವೆ. ಇಂದು ಅರುವತ್ತು ಎಲೆಗಳ ಮುಂದೆ ಕುಳಿತು ಇದು ಬೇಕು, ಇದು ಬೇಡ ಎಂದು ವಿವೇಚಿಸಿದ ವಿದ್ಯಾರ್ಥಿ ನಾಳೆ ಪ್ರಬಂಧವೊಂದನ್ನು ಬರೆಯುವಾಗ, ಸಂಬಳದ ಹಣವನ್ನು ಹಂಚುವಾಗ, ದಿನದ ಹೊತ್ತನ್ನು ಗೊತ್ತುಮಾಡುವಾಗ ಅದೇ ಕೆಲಸವನ್ನು ಮಾಡಬೇಕಾಗುತ್ತದೆ. ಅಲ್ಲಿಯೂ ಇರುವುದಕ್ಕೆ ಮಿತಿಯುಂಟು, ಆಸೆಗೆ ಮಿತಿಯಿಲ್ಲ. ಬಿಡತಕ್ಕುದನ್ನು ಬಿಡುವ ಶಕ್ತಿಯನ್ನು ಆತನು ಆಟದಲ್ಲಿಯೇ ಗಳಿಸಿಕೊಂಡಿದ್ದರೆ ಎಲೆಗಳಿಗೆ ಕೊಟ್ಟ ಕಾಸು ಸಾರ್ಥಕವಾಯಿತೆನ್ನಬೇಕು.