ಹೊತ್ತಿಲ್ಲದ ಮನೆಗೆ ಯಾವ ನಾಯಿ?

ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಾವು ಗಂಡ-ಹೆಂಡತಿ ಇಬ್ಬರೂ ನೌಕರಿಯವರು. ಬೆಳಿಗ್ಗೆ ಒಂಬತ್ತಕ್ಕೆ ಮನೆಗೆ ಕೀಲಿ ಹಾಕಿದರೆ ತೆಗೆಯುವುದು ಸಂಜೆ ಐದೂವರೆಗೆ. ಮಕ್ಕಳು ನಾಯಿ ಬೇಕೆಂದು ಹಟ ಹಿಡಿದಿದ್ದಾರೆ. ಕೂದಲು ಉದುರಬಾರದು, ಬಹಳ ಬೊಗಳಬಾರದು, ಕೆಲಸ ಕಡಿಮೆ ಇರಬೇಕು. ಶಿಟ್ಜು, ಪೊಮೇರಿಯನ್, ಲ್ಯಾಬ್ರಡಾರ್ ಈ ಮೂರರಲ್ಲಿ ಯಾವುದು ತರೋಣ?
— ಒಬ್ಬ ಶಿಕ್ಷಕಿ, ಯಾದಗಿರಿ

ಉತ್ತರ: ಮೂರೂ ಬೇಡ.

ಶಿಟ್ಜು ಚೆಂದದ ನಾಯಿ, ಕೂದಲೂ ಕಡಿಮೆ ಉದುರುತ್ತದೆ. ಆದರೆ ಉದುರದ ಕೂದಲು ಬೆಳೆಯುತ್ತಲೇ ಇರುತ್ತದೆ. ದಿನಾ ಬಾಚಬೇಕು, ತಿಂಗಳು-ಒಂದೂವರೆ ತಿಂಗಳಿಗೊಮ್ಮೆ ಕತ್ತರಿಸಬೇಕು, ಕಣ್ಣಿನ ಸುತ್ತ ಒರೆಸಬೇಕು. ಪರೀಕ್ಷೆಯ ಗಡಿಬಿಡಿಯಲ್ಲಿ ಹತ್ತು ದಿನ ಮರೆತಿರೋ, ಕಿವಿಯ ಹಿಂದೆ, ತೊಡೆಸಂದಿಯಲ್ಲಿ ಕೂದಲು ಗಂಟುಗಟ್ಟಿ ಅದರಡಿಯ ಚರ್ಮ ಒದ್ದೆಯಾಗಿ ಹುಣ್ಣಾಗುತ್ತದೆ. ಪೊಮೇರಿಯನ್ ಎಂದು ನಮ್ಮಲ್ಲಿ ಮಾರುವುದರಲ್ಲಿ ಬಹುಪಾಲು ಸ್ಪಿಟ್ಜ್. ಅದಕ್ಕೆ ಎರಡು ಪದರದ ತುಪ್ಪಳ, ಉದುರುವುದೂ ಹೆಚ್ಚು, ಬೊಗಳುವುದೂ ಹೆಚ್ಚು. ಬೇಸಿಗೆಗೆಂದು ಅದನ್ನು ಬೋಳಿಸಿಕೊಂಡು ಬರುವವರಿದ್ದಾರೆ. ಹಾಗೆ ಮಾಡಬಾರದು, ಬಿಸಿಲು ನೇರ ಚರ್ಮಕ್ಕೇ ತಾಗುತ್ತದೆ. ಲ್ಯಾಬ್ರಡಾರ್ ಸ್ವಭಾವದಲ್ಲಿ ಬಂಗಾರ, ಆದರೆ ದಿನಕ್ಕೊಂದು ತಾಸು ಓಡಾಟ ಬೇಕು. ಇಲ್ಲವಾದರೆ ಸೋಫಾ ಹರಿಯುತ್ತದೆ, ಮೈ ಬೆಳೆಸುತ್ತದೆ, ಆರೇಳು ವರ್ಷಕ್ಕೇ ಸೊಂಟ ಹಿಡಿದು ಏಳಲು ಒದ್ದಾಡುತ್ತದೆ.

ತಳಿಗಿಂತ ಮೊದಲು ನಿಮ್ಮ ಗಡಿಯಾರ ನೋಡಬೇಕಿತ್ತು. ನಿಮ್ಮ ಮನೆ ಎಂಟೂವರೆ ತಾಸು ಖಾಲಿ. ಎರಡು ತಿಂಗಳ ಮರಿ ದಿನಕ್ಕೆ ನಾಲ್ಕು ಸಲ ಉಣ್ಣುತ್ತದೆ. ಎರಡು, ಹೆಚ್ಚೆಂದರೆ ಮೂರು ತಾಸಿಗಿಂತ ಹೆಚ್ಚು ಹೊತ್ತು ಮೂತ್ರ ತಡೆಯಲಾರದು. ಅದನ್ನು ಕೀಲಿ ಹಾಕಿದ ಮನೆಯಲ್ಲಿ ಬಿಟ್ಟು ಹೋದರೆ ಹೊಲಸು ಮಾಡುವುದನ್ನೂ ಕೂಗುವುದನ್ನೂ ನೀವೇ ಕಲಿಸಿದ ಹಾಗೆ. ಆಮೇಲೆ ಹೊಡೆದು ತಿದ್ದುವುದಕ್ಕೆ ಹೋಗುತ್ತೀರಿ. ಕೆಲಸ ಕಡಿಮೆ ಇರಬೇಕು ಅನ್ನುವವರು ಯಾವ ಜಾತಿಯ ಮರಿಯನ್ನೂ ತರಬಾರದು; ಒಂದೂವರೆ-ಎರಡು ವರ್ಷದ ದೊಡ್ಡ ನಾಯಿ ತರಬೇಕು. ಮರಿಯಿದ್ದಾಗ ತಂದರೇ ನಾಯಿ ಒಗ್ಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದೊಡ್ಡ ನಾಯಿಯ ಗಾತ್ರ, ಗುಣ, ಕೂದಲು ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ಮರಿ ಮುಂದೆ ಏನಾಗುತ್ತದೆಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಯಾವ ದೊಡ್ಡ ನಾಯಿ? ನಿಮ್ಮ ಓಣಿಯದೇ. ನಾಡುನಾಯಿಯ ಗಿಡ್ಡ ಕೂದಲಿಗೆ ವಾರಕ್ಕೊಮ್ಮೆ ಬಾಚಿದರೆ ಮುಗಿಯಿತು, ಸ್ನಾನ ತಿಂಗಳಿಗೊಂದು ಸಾಕು. ಮೂತಿ ಉದ್ದ, ಮೈ ತೆಳು, ನಮ್ಮ ಏಪ್ರಿಲ್-ಮೇ ಬಿಸಿಲು ತಲೆಮಾರುಗಳಿಂದ ಕಂಡ ರಕ್ತ. ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ತಿರುಗಾಡಿಸಿದರೆ ಹಗಲೆಲ್ಲ ಮಲಗುತ್ತದೆ. ಅದಕ್ಕೆ ರೋಗವೇ ಬರುವುದಿಲ್ಲ ಎಂದುಕೊಳ್ಳಬೇಡಿ. ಲಸಿಕೆ, ಜಂತಿನ ಔಷಧ ಎಲ್ಲ ನಾಯಿಗಳಿಗೆ ಇರುವಂತೆಯೇ ಇದಕ್ಕೂ.

ಆರಿಸುವುದಕ್ಕೆ ಆತುರ ಬೇಡ. ಓಣಿಯಲ್ಲಿ ಮಕ್ಕಳನ್ನು ಕಂಡರೆ ಬಾಲದ ಜೊತೆ ಸೊಂಟವನ್ನೂ ಆಡಿಸುತ್ತ ಬರುವ ನಾಯಿ ಒಂದಾದರೂ ಇರುತ್ತದೆ. ಒಂದೆರಡು ವಾರ ಸಂಜೆ ಕಟ್ಟೆಯ ಮೇಲೆ ಕೂತು ನಿಮ್ಮ ಕೈಯಿಂದಲೇ ರೊಟ್ಟಿ ತಿನ್ನಿಸಿ. ಮೊದಲು ಎದೆಯ ಪಕ್ಕ ಮುಟ್ಟಿ, ಆಮೇಲೆ ಕಿವಿ, ಆಮೇಲೆ ಪಾದ. ಪಾದ ಹಿಡಿದಾಗ ಮೈ ಸೆಟೆದು ಕಣ್ಣಿನ ಬಿಳಿ ತೋರಿಸಿದರೆ ಆ ನಾಯಿ ಮಕ್ಕಳ ಮನೆಗೆ ಬೇಡ. ಪಾದ ನಿಮ್ಮ ಕೈಯಲ್ಲೇ ಬಿಟ್ಟು ರೊಟ್ಟಿ ಹುಡುಕಿದರೆ ಪಶು ಆಸ್ಪತ್ರೆಗೆ ಕರೆದುಕೊಂಡು ಬನ್ನಿ: ರೇಬೀಸ್ ಲಸಿಕೆ, ಸಾಂಕ್ರಾಮಿಕ ರೋಗಗಳ ಲಸಿಕೆ, ಜಂತಿನ ಔಷಧ, ಸಂತಾನಹರಣ ಶಸ್ತ್ರಚಿಕಿತ್ಸೆ. ಶಸ್ತ್ರಚಿಕಿತ್ಸೆ ಆದ ನಾಯಿ ಬೆದೆಗೆ ಬಂದು ಗೋಡೆ ಹಾರುವುದಿಲ್ಲ. ಹೊತ್ತಿಲ್ಲದ ಮನೆಗೆ ಇದಕ್ಕಿಂತ ದೊಡ್ಡ ಉಳಿತಾಯವಿಲ್ಲ. ಮೊದಲ ಕೆಲವು ವಾರ ಮಕ್ಕಳನ್ನೂ ನಾಯಿಯನ್ನೂ ದೊಡ್ಡವರಿಲ್ಲದೆ ಒಟ್ಟಿಗೆ ಬಿಡಬೇಡಿ.

ಇನ್ನೊಂದು. ಆರ್‌ಸಿಸಿ ಮನೆಯಲ್ಲಿ ಕಿಟಕಿ ಮುಚ್ಚಿ ಫ್ಯಾನ್ ಆರಿಸಿ ಹೋಗುವವರು ನೀವಾದರೆ ಬೇಸಿಗೆಯಲ್ಲಿ ಯಾವ ನಾಯಿಯೂ ಅಲ್ಲಿ ಸುಖವಾಗಿರದು. ಶಹಾಬಾದ್ ಪರಸಿ ಹಾಸಿದ ಪಡಸಾಲೆ, ಗಾಳಿಯಾಡುವ ಕಿಟಕಿ, ಎರಡು ಕಡೆ ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ನೀರು ಇರಲಿ. ಮಧ್ಯಾಹ್ನ ಬಂದು ಬಾಗಿಲು ತೆಗೆದು ಹೊರಗೆ ಬಿಡುವ ಒಬ್ಬರು ಮನೆಯ ಹತ್ತಿರ ಇರಲಿ. ಆ ಒಬ್ಬರು ಸಿಗದಿದ್ದರೆ ಮಕ್ಕಳಿಗೆ ಈ ವರ್ಷ ಬೇಡ ಎಂದು ಹೇಳಿ. ಹಾಗೆ ಹೇಳುವುದರಲ್ಲಿ ತಪ್ಪೇನೂ ಇಲ್ಲ.

ಪ್ರಶ್ನೆ: ನಮ್ಮದು ಮೂರು ವರ್ಷದ ಪಗ್. ಸಣ್ಣ ನಾಯಿ, ಗಿಡ್ಡ ಕೂದಲು, ನಿರ್ವಹಣೆ ಸಲೀಸು ಅಂತ ತಂದೆವು. ಬೇಸಿಗೆ ಬಂತೆಂದರೆ ಮಧ್ಯಾಹ್ನ ಗೊರಗೊರ ಸದ್ದು ಮಾಡುತ್ತ ನಾಲಿಗೆ ಚಾಚಿ ಬೀಳುತ್ತದೆ. ಒಮ್ಮೆ ನಾಲಿಗೆ ನೀಲಿಯಾಗಿತ್ತು. ದಮ್ಮಿನ ರೋಗವೇ?
— ಕಿರಾಣಿ ವ್ಯಾಪಾರಿ, ಶಹಾಪುರ

ಉತ್ತರ: ದಮ್ಮಲ್ಲ, ಮೂಗು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬೆವರುವುದು ಪಾದದಡಿ ಮಾತ್ರ. ಮೈ ತಂಪಾಗುವುದು ಏದುಸಿರಿನಿಂದ. ಉದ್ದ ಮೂತಿಯ ನಾಯಿ ಉಸಿರಾಡಿದಾಗ ಗಾಳಿ ಒದ್ದೆ ಮೂಗಿನೊಳಗೆ ಹಾದು ಶಾಖ ಹೊರಹಾಕುತ್ತದೆ. ಪಗ್‌ನ ಮೂತಿ ಮನುಷ್ಯರ ಶೋಕಿಗೆ ಚಪ್ಪಟೆಯಾದದ್ದು. ಹೊಳ್ಳೆ ಕಿರಿದು, ಅಂಗುಳ ಉದ್ದವಾಗಿ ಗಂಟಲಿಗೆ ಅಡ್ಡ. ನೀವು ಕೇಳುವ ಗೊರಕೆ ಆ ಅಡ್ಡಿಯ ಸದ್ದು. 2003ರ ಸುಮಾರಿಗೆ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನ ಹಿಂದೆ ಪಗ್ ಓಡಿದ ಮೇಲೆ ಊರೂರಿಗೆ ಈ ನಾಯಿ ಬಂತು. 42 ಡಿಗ್ರಿಯ ಶಹಾಪುರಕ್ಕೆ ಇದು ಹೊಂದುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ನಾಲಿಗೆ ನೀಲಿಯಾದದ್ದು ಸಣ್ಣ ಮಾತಲ್ಲ. ನಾಯಿಯ ಸಹಜ ಮೈಶಾಖ 101ರಿಂದ 102.5 ಫ್ಯಾರನ್‌ಹೀಟ್. 105 ದಾಟಿದರೆ ಮೂತ್ರಪಿಂಡ, ಮಿದುಳು ಕೆಡತೊಡಗುತ್ತವೆ. ಮುಂದೆ ಹಾಗಾದರೆ ಮೊದಲು ತಂಪು, ಆಮೇಲೆ ಆಸ್ಪತ್ರೆ. ನೆರಳಿಗೆ ತಂದು ಕೊಡಗಟ್ಟಲೆ ನೀರು ಹೊಟ್ಟೆ, ತೊಡೆ, ಕುತ್ತಿಗೆಗೆ ಸುರಿಯುತ್ತ ಫ್ಯಾನ್ ಹಚ್ಚಿ. ಒದ್ದೆ ಟವೆಲ್ ಸುತ್ತಿಡಬೇಡಿ, ಶಾಖ ಒಳಗೇ ಉಳಿಯುತ್ತದೆ. ಬಾಯಿಗೆ ಬಲವಂತದಿಂದ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು. ನಾಯಿ ಚೇತರಿಸಿದಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು.

ಇನ್ನು ದಿನನಿತ್ಯದ್ದು: ಫೆಬ್ರುವರಿ ಮುಗಿಯುವುದರೊಳಗೆ ತೂಕ ಇಳಿಸಿ. ಅಂಗಡಿಯ ಗಿರಾಕಿಗಳು ಕೊಡುವ ಬಿಸ್ಕತ್ತು ಬಂದ್. ಕೊರಳಪಟ್ಟಿ ತೆಗೆದು ಎದೆಗೆ ಹಾಕುವ ಪಟ್ಟಿ ತನ್ನಿ. ತಿರುಗಾಟ ಬೆಳಿಗ್ಗೆ ಏಳರೊಳಗೆ. ಮುಖದ ನೆರಿಗೆಗಳನ್ನು ದಿನಾ ಒರೆಸಿ ಒಣಗಿಸಿ. ಹೊಳ್ಳೆ ತೀರ ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಅಗಲ ಮಾಡಬಹುದು. ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಒಮ್ಮೆ ಕೇಳಿ ನೋಡಿ.

ಪ್ರಶ್ನೆ: ನಮ್ಮ ಹಿರಿಯರು ಬೇಟೆನಾಯಿ ಸಾಕಿದವರು. ಈಗ ನಾನು ಅಂಗಡಿಯ ಮೇಲಿನ ಮನೆಯಲ್ಲಿದ್ದೇನೆ. ಮುಧೋಳ ನಾಯಿ ನಮ್ಮ ನೆಲದ್ದೇ, ಬಿಸಿಲು ತಡೆಯುತ್ತದೆ, ಕೂದಲೂ ಇಲ್ಲ. ನಾಡುನಾಯಿಯಷ್ಟೇ ಸಲೀಸಲ್ಲವೇ?
— ಯುವ ಓದುಗ, ಸುರಪುರ

ಉತ್ತರ: ಸುರಪುರದಿಂದ ಈ ಪ್ರಶ್ನೆ ಬರದಿದ್ದರೆ ನನಗೇ ಆಶ್ಚರ್ಯವಾಗುತ್ತಿತ್ತು. ಬೇಡರ ಕೈಯಲ್ಲಿದ್ದ ಬೇಟೆನಾಯಿಗಳ ಓಟ ಕಂಡೇ ಮುಧೋಳದ ಘೋರ್ಪಡೆ ಅರಸರು ಈ ತಳಿ ಬೆಳೆಸಿದರೆಂದು ಹೇಳುತ್ತಾರೆ. ಅಂಚೆ ಇಲಾಖೆ 2005ರಲ್ಲಿ ದೇಶಿ ನಾಯಿಗಳ ನಾಲ್ಕು ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. 2016ರಲ್ಲಿ ಸೈನ್ಯ ತರಬೇತಿಗೆ ಇದರ ಮರಿಗಳನ್ನು ಮೀರತ್‌ಗೆ ಒಯ್ದಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೊದಲ್ಲಿ ಹೆಸರು ಹೇಳಿದ ಮೇಲಂತೂ ಬೇಡಿಕೆ ಮತ್ತೂ ಏರಿತು. ಅಭಿಮಾನ ಸರಿಯೇ.

ಬಿಸಿಲು, ಕೂದಲಿನ ಮಟ್ಟಿಗೆ ನಿಮ್ಮ ಲೆಕ್ಕವೂ ಸರಿ. ತಪ್ಪಿದ್ದು ಕಾಲಿನ ಲೆಕ್ಕ. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನೋ ಅಲುಗಿತೆಂದರೆ ಹಗ್ಗ, ಹೆಸರು, ಒಡೆಯ ಎಲ್ಲ ಮರೆತು ಹಾರುತ್ತದೆ. ಅಂಗಡಿ ಮೇಲಿನ ಮನೆಯಿಂದ ಹಾರಿದರೆ ಬೀಳುವುದು ರಸ್ತೆಗೆ. ದಿನಕ್ಕೊಮ್ಮೆ ಬಯಲಿನಲ್ಲಿ ಕಾಲು ಬಿಚ್ಚಿ ಓಡಬೇಕು. ಸರಪಳಿಯಲ್ಲಿ ಕಟ್ಟಿಹಾಕಿದ ಮುಧೋಳ ಒಂದೋ ಬೆದರುಪುಕ್ಕ ಆಗುತ್ತದೆ, ಇಲ್ಲವೇ ಕಚ್ಚುತ್ತದೆ. ಅಪರಿಚಿತರು ಮೈಮುಟ್ಟುವುದು ಅದಕ್ಕೆ ಹಿಡಿಸದು, ಗಿರಾಕಿಗಳು ಬಂದುಹೋಗುವ ಜಾಗಕ್ಕೆ ಹೊಂದುವುದು ಕಷ್ಟ. ಕಾಲುವೆ ಬದಿಯಲ್ಲಿ ಬೇಲಿ ಹಾಕಿದ ಹೊಲವಿದ್ದು, ಅಲ್ಲಿ ಒಬ್ಬರು ಖಾಯಂ ಇದ್ದರೆ ಧಾರಾಳವಾಗಿ ಸಾಕಿ. ಆದರೆ ಮೊಲ ಹೊಡೆಸುವ ಆಸೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ.

ಕೊಳ್ಳುವುದಾದರೆ ಸಂತೆಯಲ್ಲಿ ಬೇಡ, ಬೆರಕೆ ಮರಿಗಳೇ ಹೆಚ್ಚು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ಕಡೆಯ ಎರಡು-ಮೂರು ಪಕ್ಕೆಲುಬು ಕಂಡರೆ ಅದು ಈ ತಳಿಗೆ ಸಹಜ. ‘ಕೂಳು ಹಾಕಲ್ಲೇನ್ರಿ’ ಎಂದು ನೆರೆಯವರು ಅಂದರೆಂದು ತುರುಕಬೇಡಿ. ಶಸ್ತ್ರಚಿಕಿತ್ಸೆ ಮಾಡಿಸುವಾಗ ಮುಧೋಳ ಎಂದು ವೈದ್ಯರಿಗೆ ಮೊದಲೇ ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಇಂಥ ನಾಯಿಗಳು ಕೆಲವು ಬಗೆಯ ಅರಿವಳಿಕೆಯಿಂದ ಬೇಗ ಎಚ್ಚರಗೊಳ್ಳುವುದಿಲ್ಲ.

ಪ್ರಶ್ನೆ: ಎಷ್ಟು ಕಿತ್ತರೂ ನಾಯಿಗೆ ಉಣ್ಣಿ ಹೋಗುತ್ತಿಲ್ಲ. ಹತ್ತಿಗೆ ಹೊಡೆಯುವ ಔಷಧಿಯನ್ನು ನೀರಿಗೆ ಬೆರೆಸಿ ತೊಳೆಯಬಹುದೇ?
— ರೈತ, ಶಹಾಪುರ ತಾಲ್ಲೂಕು

ಉತ್ತರ: ಖಂಡಿತ ಬೇಡ. ಹೊಲದ ಔಷಧಿ ಚರ್ಮದಿಂದಲೇ ಒಳಗಿಳಿಯುತ್ತದೆ. ಅಲ್ಲದೆ ನಾಯಿ ಮೈ ನೆಕ್ಕದೆ ಬಿಡದು. ಜೊಲ್ಲು ಸುರಿಸುತ್ತ, ನಡುಗುತ್ತ, ಸೆಟೆದುಕೊಂಡ ನಾಯಿಗಳನ್ನು ಹತ್ತಿಯ ಹಂಗಾಮಿನಲ್ಲಿ ಗಾಡಿಯ ಮೇಲೆ ಹಾಕಿಕೊಂಡು ಬರುತ್ತಾರೆ. ಎಲ್ಲವೂ ಉಳಿಯುವುದಿಲ್ಲ.

ನಾಯಿಯ ಮೇಲೆ ಕಾಣುವುದು ಉಣ್ಣಿಗಳ ಸಣ್ಣ ಪಾಲು. ರಕ್ತ ಕುಡಿದು ಉಬ್ಬಿದ ಹೆಣ್ಣು ಕೆಳಗುದುರಿ, ಕಲ್ಲುಗೋಡೆಯ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ನೀವು ಕಿತ್ತದ್ದಕ್ಕೆ ಬದಲು ಗೋಡೆ ಮತ್ತೆ ಕೊಡುತ್ತದೆ. ಅದಕ್ಕೇ ನಾಯಿ ಮಲಗುವ ಜಾಗದ ಸಂದುಗಳಿಗೆ ಗಾರೆ ಮೆತ್ತಿ, ಹಾಸಿದ ಗೋಣಿಚೀಲ ಸುಡಿ. ನಾಯಿಗೆ ತೂಕ ನೋಡಿ ಕೊಡುವ ಉಣ್ಣಿಯ ಗುಳಿಗೆ ಅಥವಾ ಬೆನ್ನಿಗೆ ಬಿಡುವ ಔಷಧ ಸಿಗುತ್ತದೆ, ವೈದ್ಯರಿಂದ ಬರೆಸಿಕೊಳ್ಳಿ. ಉಣ್ಣಿಯಿದ್ದ ನಾಯಿ ಕೂಳು ಬಿಟ್ಟು, ಜ್ವರ ಬಂದು, ವಸಡು ಬಿಳಿಚಿಕೊಂಡರೆ ಅಥವಾ ಮೂಗಿನಿಂದ ರಕ್ತ ಬಂದರೆ ಅಂದೇ ರಕ್ತಪರೀಕ್ಷೆ ಆಗಲಿ. ಉಣ್ಣಿಜ್ವರಕ್ಕೆ ಮದ್ದಿದೆ, ನಾಲ್ಕು ವಾರದ ಗುಳಿಗೆ ನಡುವೆ ಬಿಡಬಾರದು ಅಷ್ಟೆ. ನಾಯಿ ಏಳಲಾರದಿದ್ದರೆ ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಿ.

ಪ್ರಶ್ನೆ: ಆಡುವಾಗ ನಮ್ಮದೇ ನಾಯಿಮರಿಯ ಹಲ್ಲು ತಾಗಿ ಮಗನ ಕೈಯಲ್ಲಿ ಸ್ವಲ್ಪ ರಕ್ತ ಬಂತು. ಮನೆಯ ನಾಯಿ ತಾನೇ, ಅರಿಶಿನ ಹಚ್ಚಿದ್ದೇವೆ. ಸಾಕಲ್ಲವೇ?
— ಗೃಹಿಣಿ, ಯಾದಗಿರಿ

ಉತ್ತರ: ಸಾಲದು, ತಾಯಿ. ಇದನ್ನು ಓದಿದ ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ರೇಬೀಸ್ ವೈರಾಣುವನ್ನು ತಡೆಯುವುದಿಲ್ಲ. ಹಲ್ಲು ತಾಗಿದ ಕ್ಷಣವೇ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದೇ ಮೊದಲ ಮದ್ದು. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ ಗಾಯದ ಸುತ್ತ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಚರ್ಮದೊಳಗೆ ಕೊಡುವ ಲಸಿಕೆ ಮೊದಲ ದಿನ, ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನ. ಮರಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಿ, ಆದರೆ ಹತ್ತು ದಿನ ಮುಗಿಯಲಿ ಎಂದು ಲಸಿಕೆ ತಡಮಾಡಬೇಡಿ. ಮರಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ, ತಿಂಗಳ ಬಳಿಕ ಇನ್ನೊಂದು, ಆಮೇಲೆ ವರ್ಷಕ್ಕೊಂದು. ಹಾಕಿಸಿದ್ದರೆ ಆ ಕಾರ್ಡನ್ನೂ ಮಗನ ಜೊತೆ ಒಯ್ದು ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾಯಿಗೆ ಪ್ರತ್ಯೇಕ ಅಡುಗೆಗೆ ಹೊತ್ತಿಲ್ಲ. ನಾವು ಉಣ್ಣುವುದನ್ನೇ ಹಾಕಿದರೆ ನಡೆಯುತ್ತದೆಯೇ?
— ಸುರಪುರ

ಉತ್ತರ: ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಹಾಕಿ, ತೊಂದರೆಯಿಲ್ಲ. ಅದೊಂದೇ ಆದರೆ ಪ್ರೋಟೀನ್ ಸಾಲದು. ದಿನಕ್ಕೊಂದು ಬೇಯಿಸಿದ ಮೊಟ್ಟೆಯನ್ನೋ ಮೂಳೆ ತೆಗೆದ ಕೋಳಿಯನ್ನೋ ಸೇರಿಸಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿದ್ದ ಸಾರು-ಪಲ್ಯ ಬೇಡ, ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷ. ಬೆಂದ ಕೋಳಿಮೂಳೆ ಚೂರುಚೂರಾಗಿ ಕರುಳಿಗೆ ಚುಚ್ಚುತ್ತದೆ. ನಾಯಿಗೆ ಜ್ವರ ಬಂತೆಂದು ಮನೆಯ ಪ್ಯಾರಾಸಿಟಮಾಲ್ ನುಂಗಿಸುವುದೂ ಬೇಡ. ರೊಟ್ಟಿ ಬಡಿಯುವಾಗ ಉಪ್ಪು-ಖಾರವಿಲ್ಲದ ಒಂದು ಮುಷ್ಟಿ ತೊಗರಿಬೇಳೆ ಬೇರೆ ಬೇಯಲು ಇಟ್ಟರೆ ಸಾಕು, ಬೇರೆ ಅಡುಗೆ ಬೇಕಿಲ್ಲ.